ಸಮುದ್ರಕ್ಕೆ ಹೋದ ನೀರು ಏನು ಮಾಡುತ್ತದೆ?

ಭದ್ರಾ ನಾಲೆಗೆ ಯಾವಾಗ ನೀರು ಬಿಡಬೇಕೆಂಬ ಚರ್ಚೆ ನಮ್ಮ ಕಡೆ ಎಲ್ಲೇ ನಡೆದರೂ ಒಂದು ಮಾತು ಬಂದೇ ಬರುತ್ತದೆ: ‘ಅಷ್ಟೊಂದು ನೀರು ಸುಮ್ನೆ ಸಮುದ್ರ ಸೇರ್ತೈತಲ್ರೀ, ಅದನ್ನ ಇತ್ಲಾಗೆ ತಿರುಗಿಸಿದ್ರೆ ಏನಾಗ್ತಿತ್ತು?’ ಚನ್ನಗಿರಿಯ ಅಡಿಕೆ ತೋಟದಲ್ಲಿ, ಹೊನ್ನಾಳಿಯ ಭತ್ತದ ಗದ್ದೆಯಲ್ಲಿ, ನ್ಯಾಮತಿಯ ಮೆಕ್ಕೆಜೋಳದ ಹೊಲದಲ್ಲಿ ಇದನ್ನು ಕೇಳಿದ್ದೇನೆ. ಜಗಳೂರಿನ ಬತ್ತಿದ ಕೆರೆ ಏರಿಯ ಮೇಲೆ ಕೇಳಿದಾಗಲಂತೂ ಎದುರು ಮಾತಾಡಲು ಬಾಯಿ ಬರುವುದಿಲ್ಲ. ಬೋರ್‌ವೆಲ್ ಎಂಟುನೂರು ಅಡಿ ಕೊರೆಸಿ ಧೂಳು ಕಂಡವನ ಸಂಕಟ ಸುಳ್ಳಲ್ಲ.

ಆದರೂ ಈ ಮಾತಿನಲ್ಲಿರುವ ‘ಸುಮ್ನೆ’ ಸರಿಯೇ ಎಂದು ಒಮ್ಮೆ ಪರೀಕ್ಷಿಸಬೇಕು. ಸಮುದ್ರ ಸೇರುವ ನೀರು ಅಲ್ಲಿ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ನೋಡಲು ದೂರದೇಶಕ್ಕೆ ಹೋಗಬೇಕಾಗಿಲ್ಲ. ಶಿವಮೊಗ್ಗದ ಮೇಲೆ ಸಾಗರ ದಾಟಿ, ಜೋಗದ ಪಕ್ಕದಲ್ಲಿ ಹಾದು, ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ. ಬೆಳಿಗ್ಗೆ ಹೊನ್ನಾಳಿ ಬಿಟ್ಟವರು ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಅಲ್ಲಿಂದ ಕುಮಟಾ, ಯಾಣದವರೆಗಿನ ಒಂದು ಸುತ್ತಿನಲ್ಲಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡೂ ಸಿಗುತ್ತದೆ, ಸುಣ್ಣದ ಕಲ್ಲಿನ ಗುಹೆಯೂ ಸಿಗುತ್ತದೆ. ಎರಡನ್ನೂ ಹೆಣೆದಿರುವುದು ಘಟ್ಟದಿಂದ ಇಳಿಯುವ ನೀರು.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗದಲ್ಲಿ, ಕಾಸರಕೋಡಿನ ಬದಿಗೆ, ಅರಣ್ಯ ಇಲಾಖೆ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಹಾಕಿದೆ. ನೀರಿನಿಂದ ಮೇಲೆ, ಕೆಸರು ಮೆಟ್ಟದೆ, ಕಾಡಿನ ಹೊಟ್ಟೆಯೊಳಗೆ ನಡೆಯಬಹುದು. ಕಾರವಾರದಲ್ಲಿ ಕಾಳಿ ನದಿಯ ದಡದಲ್ಲೂ ಇಂಥದೇ ದಾರಿಯಿದೆ. ಪಕ್ಕದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಬಂದ ಮೇಲೆ ಜನ ಹೆಚ್ಚು ಬರುತ್ತಾರೆ. ಬಂದವರಲ್ಲಿ ಬಹಳಷ್ಟು ಮಂದಿ ಮರಳಿನಲ್ಲಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮರಳಿಗಿಂತ ಮೊದಲು ನೋಡಬೇಕಾದದ್ದು ಆ ಕೆಸರು.

ನೋಡಲು ಹೋಗುವ ಹೊತ್ತು ಮುಖ್ಯ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಲ್ಲಿ ಹೋದರೆ ನೀರಿನಲ್ಲಿ ನಿಂತ ಹಸಿರು ಪೊದೆಗಳಷ್ಟೇ ಕಾಣುತ್ತವೆ. ಇಳಿತದಲ್ಲಿ ಹೋದರೆ ಬೇರುಗಳು ಬಯಲಾಗುತ್ತವೆ, ಈ ಕಾಡಿನ ಗುಟ್ಟೆಲ್ಲ ಇರುವುದು ಬೇರಿನಲ್ಲೇ. ರೈಸೋಫೊರಾ ಜಾತಿಯ ಮರ ಕಾಂಡದ ಅರ್ಧ ಎತ್ತರದಿಂದಲೇ ಕವಲು ಕವಲಾಗಿ ಬೇರು ಇಳಿಬಿಟ್ಟು, ಹತ್ತಾರು ಕಾಲುಗಳ ಮೇಲೆ ನಿಂತಿರುತ್ತದೆ. ಅವಿಸೆನಿಯಾ ಮತ್ತು ಸೊನ್ನೆರೇಶಿಯಾ ಮರಗಳದ್ದು ಬೇರೆಯೇ ಉಪಾಯ: ಅವುಗಳ ಬೇರಿನ ತುದಿಗಳು ಕೆಸರನ್ನು ಸೀಳಿಕೊಂಡು ಮೇಲ್ಮುಖವಾಗಿ ಏಳುತ್ತವೆ. ಮರದ ಸುತ್ತ ಇಂಥ ನೂರಾರು ಮೊನೆಗಳು. ಕಾರಣ ಸರಳ. ಈ ಕೆಸರಿನಲ್ಲಿ ಗಾಳಿಯಿಲ್ಲ. ಹೊಲದಲ್ಲಿ ನಾಲ್ಕು ದಿನ ನೀರು ನಿಂತರೆ ಮೆಕ್ಕೆಜೋಳ ಹಳದಿಯಾಗುವುದು ಬೇರಿಗೆ ಉಸಿರು ಸಿಗದೆ. ಇಲ್ಲಿ ನೆಲಕ್ಕೆ ವರ್ಷವಿಡೀ ಅದೇ ಸ್ಥಿತಿ. ಆದ್ದರಿಂದ ಮರ ಬೇರನ್ನೇ ಗಾಳಿಗೆ ಎತ್ತಿದೆ. ಆ ಮೊನೆಗಳ ಮೇಲಿನ ಸಣ್ಣ ರಂಧ್ರಗಳು ಇಳಿತದ ಹೊತ್ತಿನಲ್ಲಿ ಗಾಳಿ ಎಳೆದುಕೊಳ್ಳುತ್ತವೆ.

ಉಪ್ಪಿನ ವಿಚಾರ ಇನ್ನೂ ಸೋಜಿಗ. ರೈಸೋಫೊರಾ ಬೇರಿನಲ್ಲೇ ಉಪ್ಪನ್ನು ಬಹುಪಾಲು ಸೋಸಿ ಹೊರಗಿಟ್ಟು ನೀರನ್ನು ಮಾತ್ರ ಒಳಗೆ ಬಿಡುತ್ತದೆ. ಅವಿಸೆನಿಯಾ ಒಂದಿಷ್ಟು ಉಪ್ಪನ್ನು ಒಳಗೆ ಬಿಟ್ಟುಕೊಂಡು, ಎಲೆಯಲ್ಲಿರುವ ಗ್ರಂಥಿಗಳ ಮೂಲಕ ಹೊರಹಾಕುತ್ತದೆ. ಬಿಸಿಲಿನ ದಿನ ಅದರ ಎಲೆಯನ್ನು ನಾಲಗೆಗೆ ತಾಗಿಸಿದರೆ ಉಪ್ಪಿನ ರುಚಿ ಸಿಗುತ್ತದೆ. ಭದ್ರಾ ಅಚ್ಚುಕಟ್ಟಿನವರಿಗೆ ಈ ಸಾಮರ್ಥ್ಯದ ಬೆಲೆ ಬೇಗ ತಿಳಿಯುತ್ತದೆ. ನಾಲೆ ಬಂದು ದಶಕಗಳು ಕಳೆದ ಮೇಲೆ ತಗ್ಗಿನ ಎಷ್ಟೋ ಗದ್ದೆಗಳು ಸವಳು-ಜವಳಾಗಿ, ನೆಲದ ಮೇಲೆ ಬಿಳಿ ಪೊರೆ ಕಟ್ಟಿ, ಭತ್ತ ಏಳದೆ ಹೋದದ್ದನ್ನು ಅವರು ಕಂಡಿದ್ದಾರೆ.

ಈ ಗಿಡಗಳು ಸಂತಾನ ಬೆಳೆಸುವ ರೀತಿಯಂತೂ ಮಕ್ಕಳಿಗೆ ತೋರಿಸಲೇಬೇಕಾದದ್ದು. ರೈಸೋಫೊರಾದ ಬೀಜ ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ. ತಾಯಿಮರದಲ್ಲಿ ಇರುವಾಗಲೇ ಮೊಳೆತು, ಹಸಿರು ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತಾಡುತ್ತದೆ. ಬಲಿತ ಮೇಲೆ ಕಳಚಿ ಬೀಳುತ್ತದೆ. ಇಳಿತವಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳಬಹುದು. ಉಬ್ಬರವಿದ್ದರೆ ತೇಲಿಕೊಂಡು ಹೋಗಿ, ನೆಲ ತಾಗಿದ ಕಡೆ ಬೇರೂರುತ್ತದೆ. ಉಪ್ಪುನೀರಿನಲ್ಲಿ ಬೀಜ ಮೊಳೆಯುವುದು ಕಷ್ಟವೆಂದು ಸಸಿಯನ್ನು ಬೆಳೆಸಿಯೇ ಕಳಿಸುವ ಮರ ಇದು.

ಎಲೆ ಉದುರಿ ಕೆಸರಿನಲ್ಲಿ ಕೊಳೆಯುತ್ತದೆ, ಅದನ್ನು ಏಡಿ ತಿನ್ನುತ್ತದೆ, ಉಳಿದದ್ದು ಸೂಕ್ಷ್ಮಜೀವಿಗಳ ಪಾಲಾಗುತ್ತದೆ, ಅವುಗಳನ್ನು ಸಿಗಡಿ ಮರಿಗಳು ತಿನ್ನುತ್ತವೆ. ಸಮುದ್ರದ ಹಲವು ಮೀನುಗಳು ಮರಿಯಾಗಿದ್ದಾಗ ಬೇರುಗಳ ಸಂದಿಯಲ್ಲಿ ಅಡಗಿ ಬೆಳೆಯುತ್ತವೆ. ದೊಡ್ಡ ಮೀನಿಗೆ ಆ ಸಂದಿಯೊಳಗೆ ನುಗ್ಗಲಾಗದು. ಬಿರುಗಾಳಿಯ ಅಲೆ ಬಂದರೆ ಅದರ ಬಲ ಮುರಿಯುವುದೂ ಇದೇ ಬೇರು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಪಿಚ್ಚಾವರಂ ಕಡೆ ಕಾಂಡ್ಲಾ ಕಾಡಿನ ಮರೆಯಲ್ಲಿದ್ದ ಹಳ್ಳಿಗಳ ಮಾತು ದೇಶಕ್ಕೆಲ್ಲ ಕೇಳಿಸಿತು. ಇಷ್ಟೆಲ್ಲ ನಡೆಯುವುದು ಸಿಹಿನೀರು ಮತ್ತು ಉಪ್ಪುನೀರು ಬೆರೆಯುವ ಪಟ್ಟಿಯಲ್ಲಿ ಮಾತ್ರ. ಬರೀ ಉಪ್ಪಾದರೂ ಇದು ಸೊರಗುತ್ತದೆ, ಬರೀ ಸಿಹಿಯಾದರೂ ಬದಲಾಗಿಬಿಡುತ್ತದೆ. ಬದಲಾದದ್ದು ಹೇಗೆಂದು ತೋರಿಸುವ ನದಿ ಹೊನ್ನಾವರದಲ್ಲೇ ಇದೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ನಾಡಿಗೆ ಬೆಳಕು ಕೊಟ್ಟ ಯೋಜನೆ ಅದು, ಮುಳುಗಡೆಯಾದವರ ಕಣ್ಣೀರೂ ಅದರಲ್ಲಿದೆ. ಆ ಕಥೆ ನಮಗೆ ಗೊತ್ತು. ಅಣೆಕಟ್ಟಿನ ಕೆಳಗೆ, ಹೊಳೆ ಸಮುದ್ರ ಸೇರುವಲ್ಲಿ ಏನಾಯಿತೆಂಬುದು ಅಷ್ಟಾಗಿ ಗೊತ್ತಿಲ್ಲ. ಮೊದಲು ಮಳೆಗಾಲದಲ್ಲಿ ನೆರೆ ಬಂದು ಅಳಿವೆ ಸಿಹಿಯಾಗುತ್ತಿತ್ತು, ಬೇಸಿಗೆಯಲ್ಲಿ ಹೊಳೆ ಸೊರಗಿ ಉಪ್ಪುನೀರು ಒಳನಾಡಿಗೆ ಏರುತ್ತಿತ್ತು. ಈಗ ವಿದ್ಯುತ್ತಿಗಾಗಿ ವರ್ಷದುದ್ದಕ್ಕೂ ಟರ್ಬೈನಿನಿಂದ ನೀರು ಬರುತ್ತಲೇ ಇರುತ್ತದೆ. ಬೇಸಿಗೆಯಲ್ಲೂ ಶರಾವತಿಯ ಅಳಿವೆಯಲ್ಲಿ ಉಪ್ಪು ಸಾಕಷ್ಟು ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಜೊತೆಗಾರರು ಈ ಕರಾವಳಿಯ ಅಳಿವೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಇದನ್ನು ದಾಖಲಿಸಿದ್ದಾರೆ. ಉಪ್ಪು ಬೇಕಾದ ಚಿಪ್ಪುಜೀವಿಗಳು ಶರಾವತಿಯಲ್ಲಿ ಕ್ಷೀಣಿಸಿದವು, ಮೀನಿನ ವೈವಿಧ್ಯ ತಗ್ಗಿತು. ಕಾಂಡ್ಲಾದಲ್ಲೂ ಕಡಿಮೆ ಉಪ್ಪನ್ನು ಇಷ್ಟಪಡುವ ಸೊನ್ನೆರೇಶಿಯಾ ಕೇಸಿಯೊಲಾರಿಸ್ ಹೆಚ್ಚಿಕೊಂಡಿತು. ಆ ಮರ ಚೆಂದದ್ದೇ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಅದರ ಹೂವಿನ ಕೆಂಪು ಕೇಸರಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಹಲಗೆ ದಾರಿಯ ಮೇಲೆ ನಿಂತವರಿಗೆ ಹಸಿರೇ ಹಸಿರು ಕಾಣುತ್ತದೆ, ಕಾಣೆಯಾದದ್ದು ಕಾಣುವುದಿಲ್ಲ.

ಅದನ್ನು ಕಾಣಬೇಕಾದರೆ ಬಡಗಣಕ್ಕೆ ಸ್ವಲ್ಪ ದೂರ ಹೋಗಿ ಅಘನಾಶಿನಿಯನ್ನು ನೋಡಬೇಕು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಸಮುದ್ರ ಸೇರುವ ಈ ನದಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅದು ನದಿಯಂತೆ ನಡೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಸಮುದ್ರಕ್ಕೆ ದಾರಿ ಬಿಡುತ್ತದೆ. ಇಳಿತದ ಹೊತ್ತಿಗೆ ಅಳಿವೆಯ ಮರಳುದಿಣ್ಣೆಗಳು ಎದ್ದಾಗ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ. ಕಾಲಿನಿಂದ ತಡವಿ, ಕೈಯಿಂದ ಬಗೆದು ಬಳಚು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಮಾಂಸ ಊಟಕ್ಕೆ, ಮಾರಾಟಕ್ಕೆ. ಖಾಲಿ ಚಿಪ್ಪು ಸುಣ್ಣಕ್ಕೆ. ಈ ಕೆಲಸಕ್ಕೆ ಬಂಡವಾಳ ಬೇಡ, ದೋಣಿಯೂ ಕಡ್ಡಾಯವಲ್ಲ. ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬಳು ಬುಟ್ಟಿಯೊಂದನ್ನು ನಂಬಿ ಮಕ್ಕಳನ್ನು ಓದಿಸಬಹುದಾದ ಕೆಲಸ ಇದು. ಯಾವ ಸರ್ಕಾರಿ ಯೋಜನೆಯೂ ಇಷ್ಟು ಜನರಿಗೆ ಇಷ್ಟು ಸುಲಭವಾಗಿ ಕೂಲಿ ಕೊಟ್ಟಿಲ್ಲ ಎಂದೇ ನನಗನಿಸುತ್ತದೆ.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್‌ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಮೀನು, ಬಳಚು, ಏಡಿ, ಭತ್ತ, ಉಪ್ಪು ಎಲ್ಲ ಸೇರಿ ಆರು ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳಿಗೆ ಈ ಅಳಿವೆ ಆಸರೆ ಎಂದು ಕೇಂದ್ರ ಸರ್ಕಾರವೇ ಆಗ ಹೇಳಿತು. ಅದೇ ದಿನ ಪಟ್ಟಿ ಸೇರಿದ ಇನ್ನೊಂದು ಜಾಗ ಜಗಳೂರಿನವರಿಗೆ ಹತ್ತಿರದ್ದು: ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ. ಜಾಲಿಮರ ತುಂಬಿದ ಬಯಲುಸೀಮೆಯ ಕೆರೆಯೂ ಕಾಂಡ್ಲಾ ತುಂಬಿದ ಅಳಿವೆಯೂ ಒಂದೇ ಸಾಲಿನಲ್ಲಿ ಮನ್ನಣೆ ಪಡೆದದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ಅಳಿವೆಯ ಬದಿಯಲ್ಲಿ ಗಜನಿ ಗದ್ದೆಗಳಿವೆ. ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ ಇಂದಿಗೂ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಹೊನ್ನಾಳಿಯ ಭತ್ತದ ರೈತರನ್ನು ಒಂದು ಬಸ್ಸಿನಲ್ಲಿ ಕೂರಿಸಿ ಈ ಗದ್ದೆಗಳಿಗೆ ಕರೆದೊಯ್ಯಬೇಕೆಂದು ನನಗೆ ಬಹಳ ದಿನದ ಆಸೆ. ಬೇಸಿಗೆಯಲ್ಲಿ ಉಪ್ಪುನೀರು ತುಂಬಿಕೊಳ್ಳುವ ನೆಲ ಅದು. ಮುಂಗಾರು ಬಿದ್ದು ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬಂದ ಬೀಜ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ನಡುವೆ ಉಪ್ಪುನೀರು ನುಗ್ಗಿದರೂ ಕಗ್ಗ ತಡೆದುಕೊಳ್ಳುತ್ತದೆ. ಎತ್ತರದ ಪೈರು, ಕೆಂಪಕ್ಕಿ. ಕೊಯ್ಲಿನಲ್ಲಿ ತೆನೆಯ ಭಾಗ ಮಾತ್ರ ಕೊಯ್ದು ಕೂಳೆಯನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ತೂಬು ತೆರೆದು ಉಬ್ಬರದ ನೀರು ಒಳಗೆ ಬಿಟ್ಟರೆ ಅದರೊಂದಿಗೆ ಬಂದ ಸಿಗಡಿ, ಮೀನು ಮರಿಗಳು ಆ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಗದ್ದೆ ಅರ್ಧ ವರ್ಷ ಅನ್ನ ಕೊಡುತ್ತದೆ, ಇನ್ನರ್ಧ ವರ್ಷ ಮೀನು ಕೊಡುತ್ತದೆ. ಇಳುವರಿ ನಮ್ಮ ಗದ್ದೆಗಳ ಲೆಕ್ಕದಲ್ಲಿ ಕಡಿಮೆ, ನಿಜ. ಖರ್ಚಿನ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಮಾತು ಬೇರೆ. ಒಡ್ಡು ಒಡೆದು, ದುಡ್ಡಿನಾಸೆಗೆ ಬರೀ ಸಿಗಡಿ ಸಾಕಣೆಗಿಳಿದು ಎಷ್ಟೋ ಗಜನಿಗಳಲ್ಲಿ ಕಗ್ಗ ಹೋಗಿದೆ. ನಮ್ಮ ಸವಳು ಗದ್ದೆಗಳಿಗೆ ಉತ್ತರ ಹುಡುಕುವವರು ಈ ತಳಿಯ ಬೀಜ ಉಳಿಸಿದವರ ಜೊತೆ ಮೊದಲು ಮಾತಾಡಬೇಕು.

ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಇದೇ ಅಳಿವೆಯ ನೀರಿನಿಂದ ಉಪ್ಪು ಮಾಡುತ್ತಾರೆ. ಒಂದು ನದಿ, ಅದರ ಬಾಯಲ್ಲಿ ಉಪ್ಪಿನ ಆಗರ, ಪಕ್ಕದಲ್ಲಿ ಭತ್ತದ ಗದ್ದೆ, ಎದುರಿಗೆ ಕಾಂಡ್ಲಾ ಕಾಡು. ಇದೇ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯೊಂದಿತ್ತು. ಜನ ವಿರೋಧಿಸಿದರು, ಯೋಜನೆ ಕೈಬಿಟ್ಟುಹೋಯಿತು. ಬಳಚು ಹೆಕ್ಕುವವರು ಉಳಿದುಕೊಂಡದ್ದು ಹಾಗೆ.

ಈಗ ಗುಹೆಯ ವಿಷಯ. ಯಾಣವನ್ನು ನಮ್ಮ ಕಡೆಯವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. 1990ರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೇ’ ಸಿನಿಮಾ ನೋಡಿದವರೆಲ್ಲ ಆ ಕಪ್ಪು ಬಂಡೆಗಳನ್ನು ನೆನಪಿಟ್ಟುಕೊಂಡಿದ್ದಾರೆ. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಅಲ್ಲಿಗೆ ಹೋಗುವುದು ನಿಜಕ್ಕೂ ಕಷ್ಟವಿತ್ತು, ಈಗ ಬಂಡೆಯ ಸಮೀಪದವರೆಗೂ ರಸ್ತೆಯಿದೆ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್, ಮೋಹಿನಿ ಶಿಖರದ್ದು ಸುಮಾರು 90. ಭೈರವೇಶ್ವರನ ಬಂಡೆಯ ಬುಡದ ಗುಹೆಯಲ್ಲಿ ಲಿಂಗ, ಅದರ ಮೇಲೆ ಬಂಡೆಯಿಂದ ತೊಟ್ಟಿಕ್ಕುವ ನೀರು. ಭಸ್ಮಾಸುರ ತನ್ನ ತಲೆಯ ಮೇಲೇ ಕೈಯಿಟ್ಟು ಬೂದಿಯಾದ ಜಾಗ ಇದೇ ಎಂದು ಸ್ಥಳಪುರಾಣ.

ಬಂಡೆ ಸುಣ್ಣದ ಕಲ್ಲಿನದು. ಮಳೆನೀರು ಗಾಳಿಯಿಂದಲೂ, ಕಾಡಿನ ನೆಲದಲ್ಲಿ ಕೊಳೆಯುವ ಎಲೆಗಳಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಹಳ ಸೌಮ್ಯವಾದ ಆಮ್ಲವಾಗುತ್ತದೆ. ಅಂಥ ನೀರು ಗ್ರಾನೈಟಿಗೆ ಹೆಚ್ಚೇನೂ ಮಾಡಲಾರದು. ಸುಣ್ಣದ ಕಲ್ಲನ್ನು ಮಾತ್ರ ಕರಗಿಸುತ್ತದೆ. ಕಲ್ಲಿನಲ್ಲೊಂದು ಕೂದಲೆಳೆಯ ಬಿರುಕು ಸಾಕು. ನೀರು ಅಲ್ಲಿ ಇಳಿದು, ಒಂದಿಷ್ಟು ಕಲ್ಲನ್ನು ಕರಗಿಸಿಕೊಂಡು, ಕೆಳಗೆ ಹರಿದುಹೋಗುತ್ತದೆ. ಘಟ್ಟದ ಮಳೆ ಸಾವಿರಾರು ವರ್ಷ ಹೀಗೆ ಸುರಿದರೆ ಬಿರುಕು ಓಣಿಯಾಗುತ್ತದೆ, ಓಣಿ ಗುಹೆಯಾಗುತ್ತದೆ, ನಡುವಿನ ಕಲ್ಲು ಕರಗಿಹೋಗಿ ಉಳಿದದ್ದು ಶಿಖರವಾಗುತ್ತದೆ. ಭೈರವೇಶ್ವರನ ಪ್ರದಕ್ಷಿಣೆಗೆಂದು ಬಂಡೆಯ ಸೀಳಿನೊಳಗೆ ನಡೆಯುವವರು ಈ ಕೆಲಸದ ಮಧ್ಯದಲ್ಲೇ ನಡೆಯುತ್ತಿರುತ್ತಾರೆ, ಅದು ಇನ್ನೂ ಮುಗಿದಿಲ್ಲ. ಕರಗಿದ ಸುಣ್ಣ ಕೆಲವು ಕಡೆ ಮತ್ತೆ ಗಟ್ಟಿಯಾಗುವುದೂ ಉಂಟು. ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಹನಿಹನಿಯಾಗಿ ತೊಟ್ಟಿಕ್ಕಿದ ಸುಣ್ಣದ ನೀರು ನೆಲದಿಂದ ಮೇಲೆದ್ದು ಕಲ್ಲಾಗಿದೆ, ಜನ ಅದನ್ನೇ ಶಿವಲಿಂಗವೆಂದು ಪೂಜಿಸುತ್ತಾರೆ.

ಚನ್ನಗಿರಿಯವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತಮ್ಮ ತಾಲ್ಲೂಕಿನ ಜೋಳದಾಳ್ ಭೂವಿಜ್ಞಾನದ ಪುಸ್ತಕಗಳಲ್ಲಿದೆ ಎಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ! ಶಿವಮೊಗ್ಗ ಶಿಲಾಪಟ್ಟಿ ಎಂದು ಕರೆಯುವ, ನಮ್ಮ ಭಾಗದಿಂದ ವಾಯವ್ಯಕ್ಕೆ ಉತ್ತರ ಕನ್ನಡ, ಗೋವಾದ ಕಡೆಗೆ ಹಬ್ಬಿದ ಅತಿ ಪ್ರಾಚೀನ ಕಲ್ಲುಗಳ ಹರವಿನಲ್ಲಿ ಸುಣ್ಣದ ಕಲ್ಲು, ಡಾಲಮೈಟ್ ಇರುವ ಒಂದು ಪದರಸಮೂಹಕ್ಕೆ ‘ಜೋಳದಾಳ್’ ಎಂದೇ ಹೆಸರು. ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು. ಆ ಕಾಲದಲ್ಲಿ ಮೀನಿಲ್ಲ, ಮರವಿಲ್ಲ. ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಹಾಸಿಕೊಂಡು ಸುಣ್ಣ ಕಟ್ಟುತ್ತಿದ್ದವು. ಅದರ ಗುರುತು ಶಿವಮೊಗ್ಗ ಜಿಲ್ಲೆಯ ಕುಂಸಿಯ ಕಲ್ಲುಗಳಲ್ಲಿ ಇಂದಿಗೂ ಇದೆ. ಅಂದರೆ ಸಮುದ್ರ ನಮಗೆ ಪರಕೀಯವಲ್ಲ, ನಾವು ಉಳುವ ನೆಲದ ಅಡಿಯಲ್ಲೇ ಒಂದು ಹಳೆಯ ಸಮುದ್ರದ ತಳವಿದೆ. ಯಾಣದಲ್ಲಿರುವಂಥ ಗುಹೆ, ಶಿಖರ ನಮ್ಮಲ್ಲಿ ಎದ್ದಿಲ್ಲದಿರಲು ಮಳೆಯೂ ಒಂದು ದೊಡ್ಡ ಕಾರಣ. ಘಟ್ಟ ತಡೆದು ಸುರಿಸಿಕೊಂಡ ಮೇಲೆ ಉಳಿದದ್ದಷ್ಟೇ ಮೋಡ ಇತ್ತ ತರುತ್ತದೆ.

ಯಾಣದ ಬಂಡೆಗಳ ಬಳಿ ಹುಟ್ಟುವ ಚಂಡಿಹೊಳೆ ಎಂಬ ಸಣ್ಣ ಹಳ್ಳ ಕಾಡಿನಲ್ಲಿ ಇಳಿದು ಉಪ್ಪಿನಪಟ್ಟಣದಲ್ಲಿ ಅಘನಾಶಿನಿಯನ್ನು ಸೇರುತ್ತದೆ. ಅಲ್ಲಿನ ಜನ ಅದನ್ನು ಗಂಗೋದ್ಭವವೆಂದು ನಂಬುತ್ತಾರೆ, ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರದ ಬುಗ್ಗೆಗೆ ನಮ್ಮವರು ಕೈಮುಗಿದಂತೆ. ಗುಹೆಯಲ್ಲಿ ಕರಗಿದ ಕಲ್ಲಿನ ಒಂದಂಶ ಈ ಹಳ್ಳದಲ್ಲಿ ಹರಿದು ಅಳಿವೆಗೆ ಬರುತ್ತದೆ. ಭೂಮಿಯ ಎಲ್ಲ ನದಿಗಳೂ ಹೀಗೆ ಕರಗಿದ ಸುಣ್ಣವನ್ನು ಹೊತ್ತು ತಂದದ್ದರಿಂದಲೇ ಸಮುದ್ರದಲ್ಲಿ ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ಸಾಮಗ್ರಿ ಸಿಗುವುದು. ಬಳಚು ಅದನ್ನು ನೀರಿನಿಂದ ಹೀರಿ ಚಿಪ್ಪು ಮಾಡಿಕೊಳ್ಳುತ್ತದೆ. ಆ ಚಿಪ್ಪನ್ನು ಸುಟ್ಟರೆ ಸುಣ್ಣ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತದೊಂದಿಗೆ ಬೆರೆಸಿ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೂ, ವೀಳ್ಯದೆಲೆಯ ಬೆನ್ನಿಗೆ ಸವರುವುದಕ್ಕೂ ಬೇಕಾದದ್ದು ಅದೇ ಸುಣ್ಣ. ಅಡಿಕೆ ನಾಡಾದ ಚನ್ನಗಿರಿಗೂ ಕುಮಟಾದ ಕೆಸರಿಗೂ ನಡುವೆ ಇಂಥ ನಂಟೊಂದು ಇದೆ.

ಕಾಂಡ್ಲಾ ಮತ್ತು ಸುಣ್ಣದ ಗುಹೆ ಒಂದೇ ಕಡೆ ತಾಗಿಕೊಂಡಿರುವ ಜಾಗಗಳೂ ಲೋಕದಲ್ಲಿವೆ. ಅಂಡಮಾನಿನ ಬಾರಾಟಾಂಗ್ ದ್ವೀಪದಲ್ಲಿ ಕಾಂಡ್ಲಾ ಕಾಡಿನ ಕಿರುಗಾಲುವೆಯಲ್ಲಿ ದೋಣಿಯಲ್ಲಿ ಸಾಗಿ ಸುಣ್ಣದ ಗುಹೆಗೆ ನಡೆಯುತ್ತಾರೆ. ಅಲ್ಲಿಗೆ ಹೋಗುವ ರಸ್ತೆ ಮಾತ್ರ ಜಾರವಾ ಆದಿವಾಸಿಗಳ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅವರ ನೆಮ್ಮದಿ ಕೆಡಿಸಿ ಗುಹೆ ನೋಡುವುದು ನನಗೆ ಸರಿಕಾಣದು. ಫಿಲಿಪ್ಪೀನ್ಸಿನ ಪುವೆರ್ಟೊ ಪ್ರಿನ್ಸೆಸಾದಲ್ಲಿ ನದಿಯೇ ಸುಣ್ಣದ ಬೆಟ್ಟದೊಳಗೆ ಹರಿದು ನೇರ ಸಮುದ್ರ ಸೇರುತ್ತದೆ, ಯುನೆಸ್ಕೊ ಅದನ್ನು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಲೇಷ್ಯಾದ ಲಂಕಾವಿಯಲ್ಲೂ ಇಂಥದ್ದೊಂದು ಉದ್ಯಾನವಿದೆ. ನಮ್ಮಲ್ಲಿ ಎರಡರ ನಡುವೆ ಒಂದಿಷ್ಟು ದೂರವಿದೆ, ಆ ದೂರವನ್ನು ಒಂದು ಹಳ್ಳ ತುಂಬಿದೆ.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಯಾಣದಲ್ಲಿ ಇಂಬಳದ ಕಾಟ, ಕಲ್ಲು ಜಾರುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬಂಡೆಗಳಲ್ಲಿ ದೊಡ್ಡ ಹೆಜ್ಜೇನು ಹುಟ್ಟುಗಳಿರುವುದರಿಂದ ಕೂಗಾಟ, ಪಟಾಕಿ, ಹೊಗೆ ಬೇಡವೇ ಬೇಡ. ಬಸ್ಸಿನ ಪ್ರಯಾಣ ಬೇಸರವಾದವರು ಶಿವಮೊಗ್ಗದಿಂದ ತಾಳಗುಪ್ಪದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಕಾಂಡ್ಲಾದೊಳಗೆ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟರೂ ಅದು ಆ ಉಸಿರಾಡುವ ಬೇರುಗಳಿಗೆ ಸುತ್ತಿಕೊಂಡು, ಉಬ್ಬರ ಬಂದರೂ ಹೋಗದೆ ಅಲ್ಲೇ ಕೂರುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳ ನೀರು ಹೋಗುವುದು ಪಡುವಣಕ್ಕಲ್ಲ, ಮೂಡಣಕ್ಕೆ. ಚನ್ನಗಿರಿಯ ಸೂಳೆಕೆರೆಯ ನೀರು ಹರಿದ್ರಾ ಹಳ್ಳವಾಗಿ ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ಹೊನ್ನಾಳಿ, ನ್ಯಾಮತಿಗಳಂತೂ ಆ ಹೊಳೆಯ ದಂಡೆಯವೇ. ಜಗಳೂರಿನ ಹಳ್ಳಗಳಲ್ಲಿ ಮಳೆ ಬಂದಾಗ ಹರಿಯುವ ನೀರಿಗೂ ಕೊನೆಗೆ ಅದೇ ದಾರಿ. ತುಂಗಭದ್ರೆ ಕೃಷ್ಣೆಯನ್ನು ಸೇರಿ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು ದಾಟಿ ಹಂಸಲದೀವಿಯ ಬಳಿ ಬಂಗಾಳಕೊಲ್ಲಿಗೆ ಸೇರುವಲ್ಲಿ ಕಾಂಡ್ಲಾ ಕಾಡಿದೆ. ಆಂಧ್ರಪ್ರದೇಶ ಅದನ್ನು ಕೃಷ್ಣಾ ವನ್ಯಜೀವಿಧಾಮವೆಂದು ಕಾಪಾಡುತ್ತಿದೆ, ಮೀನು ಹಿಡಿದು ತಿನ್ನುವ ಕಾಡುಬೆಕ್ಕಿನ ನೆಲೆ ಅದು. ಆ ಮುಖಜಭೂಮಿ ಕಟ್ಟಿದ್ದು ಮೇಲಿನ ನದಿಗಳು ತಂದ ಮಣ್ಣಿನಿಂದ. ಈಗ ಮಣ್ಣು ಜಲಾಶಯಗಳ ತಳದಲ್ಲಿ ಹೂಳಾಗಿ ಕೂತಿದೆ, ಕೆಳಗೆ ಸಮುದ್ರ ದಡವನ್ನು ಕೊರೆಯುತ್ತಿದೆ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿತೆಂದು ನಾವು ಇಲ್ಲಿ ಪರಿತಪಿಸುತ್ತೇವೆ, ಅದೇ ಹೂಳು ಬರಲಿಲ್ಲವೆಂದು ಅಲ್ಲಿ ಕಾಂಡ್ಲಾದ ಕಾಲಡಿಯ ನೆಲ ಕುಸಿಯುತ್ತದೆ.

ಬೇಡ್ತಿ ನದಿಯಿಂದ ವರದಾ ನದಿಗೆ, ಅಘನಾಶಿನಿಯಿಂದ ವೇದಾವತಿಗೆ ನೀರು ತಿರುಗಿಸುವ ಪ್ರಸ್ತಾವಗಳು ಚರ್ಚೆಯಲ್ಲಿವೆ. ವೇದಾವತಿ ಹರಿಯುವುದು ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿ, ಹಾಗಾಗಿ ಈ ಮಾತು ನಮ್ಮ ಕಿವಿಗೆ ಆಸೆಯ ಮಾತಾಗಿಯೇ ಬೀಳುತ್ತದೆ. ಜಗಳೂರಿಗೆ ನೀರು ಬೇಡವೆಂದು ನಾನು ಹೇಳಲಾರೆ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗಾಗಿ ಅಲ್ಲಿನವರು ಎಷ್ಟು ಕಾದರೆಂಬುದು ಈ ಜಿಲ್ಲೆಗೆಲ್ಲ ಗೊತ್ತು. ಭದ್ರಾ ಮೇಲ್ದಂಡೆ ಯೋಜನೆಯ ಕಾಯುವಿಕೆ ಇನ್ನೂ ಮುಗಿದಿಲ್ಲ. ಆ ತಾಲ್ಲೂಕಿಗೆ ಕುರುಚಲು ಕಾಡಿನ ಬೆಲೆಯೂ ಗೊತ್ತಿದೆ. ಯಾರಿಗೂ ಬೇಡದ ಬಂಜರೆಂದು ಕಾಣುತ್ತಿದ್ದ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಜೀವಿಧಾಮವಾಯಿತು. ಕುಮಟಾದ ಕೆಸರನ್ನೂ ಆ ಕಣ್ಣಿನಿಂದಲೇ ನೋಡಲು ಜಗಳೂರಿನವರಿಗೆ ಕಷ್ಟವಾಗದು.

ಅಘನಾಶಿನಿಯ ನೀರನ್ನು ಎತ್ತುವ ಯಾವುದೇ ಯೋಜನಾ ವರದಿ ನಮ್ಮ ಮುಂದೆ ಬಂದಾಗ ಅದರಲ್ಲಿ ಎಷ್ಟು ಟಿಎಂಸಿ, ಎಷ್ಟು ಎಕರೆ ಎಂದು ನೋಡುವಾಗಲೇ ಇನ್ನೂ ಕೆಲವು ಅಂಕಿಗಳನ್ನು ಕೇಳಬೇಕು. ಮಳೆಗಾಲದ ನೆರೆ ತಗ್ಗಿದರೆ ಗಜನಿಯ ಉಪ್ಪು ತೊಳೆಯುವ ನೀರು ಎಲ್ಲಿಂದ? ಅಳಿವೆಯ ಉಪ್ಪಿನ ಪ್ರಮಾಣ ಯಾವ ತಿಂಗಳಲ್ಲಿ ಎಷ್ಟು ಬದಲಾಗುತ್ತದೆ? ಆ ಆರೇಳು ಸಾವಿರ ಕುಟುಂಬಗಳ ಆದಾಯ ನಷ್ಟ ಯಾವ ಪುಟದಲ್ಲಿದೆ? ಶರಾವತಿಯ ಅರವತ್ತು ವರ್ಷಗಳ ಅನುಭವ ಪಕ್ಕದಲ್ಲೇ ಇರುವುದರಿಂದ ಇವು ಉತ್ತರ ಸಿಗದ ಪ್ರಶ್ನೆಗಳಲ್ಲ. ಕೇಳುವ ಹಕ್ಕು ಕುಮಟಾದವರಿಗಿರುವಷ್ಟೇ ಜಗಳೂರಿನವರಿಗೂ ಇದೆ, ನೀರು ಬರುವುದು ಅವರ ಹೆಸರಿನಲ್ಲಿ.